ಆಟದ ಸರ್ವರ್ ಸ್ಕ್ರಿಪ್ಟ್‌ಗಳಲ್ಲಿ ಜೇಸನ್

ಹಲವರು ಏಕಕಾಲಕ್ಕೆ ಆಡುವ ಆನ್‌ಲೈನ್ ಆಟಗಳಲ್ಲಿ ಆಟದ ಲೋಕವನ್ನು ಹಿಡಿದಿಟ್ಟುಕೊಂಡಿರುವ ಕಂಪ್ಯೂಟರ್‌ಗೆ ಸರ್ವರ್ ಎನ್ನುತ್ತಾರೆ. ಯಾರು ಎಲ್ಲಿದ್ದಾರೆ, ಯಾರ ಚೀಲದಲ್ಲಿ ಏನಿದೆ, ಯಾವ ಬಾಗಿಲು ತೆರೆದಿದೆ ಎಂಬ ವಿಷಯಗಳಲ್ಲಿ ಕೊನೆಯ ಮಾತು ಅದರದೇ. ಮೂಲ ಆಟವನ್ನು ಮುಟ್ಟದೆ ಅದರ ನಿಯಮಗಳನ್ನು ಬದಲಿಸಲು, ಹೊಸ ಪಾತ್ರ, ಹೊಸ ಜಾಗ, ಹೊಸ ಸವಾಲು ಸೇರಿಸಲು ಸರ್ವರ್ ನಡೆಸುವವರು ಬರೆಯುವ ಸಣ್ಣ ಪ್ರೋಗ್ರಾಂಗಳೇ ಸ್ಕ್ರಿಪ್ಟ್‌ಗಳು. ಲುವಾ, ಜಾವಾಸ್ಕ್ರಿಪ್ಟ್, ಪಾನ್ ಮೊದಲಾದ ಭಾಷೆಗಳಲ್ಲಿ ಇವು ಇರುತ್ತವೆ. ಆಟ ನಿಂತ ಮೇಲೂ ಮಾಹಿತಿ ಉಳಿಯಬೇಕಾದಾಗ, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಈ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಆಶ್ರಯಿಸುವ ಹಗುರ ಪಠ್ಯರೂಪ ಜೇಸನ್. ಅದರ ವ್ಯಾಕರಣ ಒಂದು ಪುಟದಲ್ಲಿ ಮುಗಿಯುತ್ತದೆ. ಅಷ್ಟು ಚಿಕ್ಕದಾದ್ದರಿಂದಲೇ ಅದು ಬಿಟ್ಟುಕೊಟ್ಟ ಹೊಣೆಗಳೆಲ್ಲ ಸ್ಕ್ರಿಪ್ಟ್ ಬರೆಯುವವರ ಮೇಲೆ ಬೀಳುತ್ತವೆ. ಕನ್ನಡದಲ್ಲಿ ಸರ್ವರ್ ನಡೆಸುವವರಿಗೆ ಆ ಹೊಣೆ ಇಂಗ್ಲಿಷಿನವರಿಗಿಂತ ಸ್ವಲ್ಪ ಹೆಚ್ಚೇ.

ಹುಟ್ಟು

ಡಗ್ಲಸ್ ಕ್ರಾಕ್‌ಫರ್ಡ್ ಮತ್ತು ಚಿಪ್ ಮಾರ್ನಿಂಗ್‌ಸ್ಟಾರ್ 2001ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಸ್ಟೇಟ್ ಸಾಫ್ಟ್‌ವೇರ್ ಕಂಪನಿಯಲ್ಲಿ ಈ ರೂಪವನ್ನು ಬಳಕೆಗೆ ತಂದರು. ಬ್ರೌಸರ್ ಮತ್ತು ಸರ್ವರ್ ನಡುವೆ ಪುಟವನ್ನು ಮತ್ತೆ ತೆರೆಯದೆಯೇ ಮಾಹಿತಿ ಸಾಗಿಸುವುದು ಅವರ ಅಗತ್ಯವಾಗಿತ್ತು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಆಗಲೇ ಇದ್ದ ಬರಹದ ರೀತಿಯನ್ನೇ ಅವರು ಎತ್ತಿಕೊಂಡರು. ಆದ್ದರಿಂದಲೇ ಕ್ರಾಕ್‌ಫರ್ಡ್ ತಾವು ಇದನ್ನು ಕಂಡುಹಿಡಿದದ್ದಲ್ಲ, ಇದ್ದದ್ದನ್ನು ಗುರುತಿಸಿದ್ದು ಎನ್ನುತ್ತಾರೆ. ಇದರ ನಿಯಮಗಳನ್ನು ನಿಗದಿಪಡಿಸುವ ದಾಖಲೆಗಳಾಗಿ 2006ರಲ್ಲಿ ಆರ್‌ಎಫ್‌ಸಿ 4627, 2013ರಲ್ಲಿ ಎಕ್ಮಾ 404, 2017ರ ಡಿಸೆಂಬರ್‌ನಲ್ಲಿ ಈಗ ಚಾಲ್ತಿಯಲ್ಲಿರುವ ಆರ್‌ಎಫ್‌ಸಿ 8259 ಪ್ರಕಟವಾದವು.

ಆಟಗಳ ಜೊತೆಗಿನ ನಂಟು ಜೇಸನ್‌ಗೆ ಆಮೇಲೆ ಬಂದದ್ದಲ್ಲ. ಮಾರ್ನಿಂಗ್‌ಸ್ಟಾರ್ ಅದಕ್ಕೂ ಮೊದಲು ಲೂಕಾಸ್‌ಫಿಲ್ಮ್‌ನಲ್ಲಿ ರ‍್ಯಾಂಡಿ ಫಾರ್ಮರ್ ಜೊತೆ ಹ್ಯಾಬಿಟ್ಯಾಟ್ ಆಟವನ್ನು ಕಟ್ಟಿದವರು. 1986ರಲ್ಲಿ ಪರೀಕ್ಷೆಗೆ ತೆರೆದ ಈ ಆಟದಲ್ಲಿ ಕೊಮೊಡೋರ್ 64 ಕಂಪ್ಯೂಟರ್‌ಗಳು ಫೋನ್ ತಂತಿಯ ಮೂಲಕ ಒಂದೇ ಚಿತ್ರಲೋಕಕ್ಕೆ ಸೇರುತ್ತಿದ್ದವು. ಹಲವರು ಒಟ್ಟಿಗೆ ಆಡುವ ಚಿತ್ರರೂಪದ ಆನ್‌ಲೈನ್ ಲೋಕಗಳ ಮೊದಲ ಪೀಳಿಗೆ ಅದು. ಕ್ರಾಕ್‌ಫರ್ಡ್ ಕೂಡ ಅಟಾರಿ ಮತ್ತು ಲೂಕಾಸ್‌ಫಿಲ್ಮ್‌ನಲ್ಲಿ ಕೆಲಸ ಮಾಡಿದವರು. ಮುಂದೆ ಮಾರ್ನಿಂಗ್‌ಸ್ಟಾರ್ ಬೆಳೆಸಿದ ಎಲ್ಕೋ ಎಂಬ ಸರ್ವರ್ ತಂತ್ರಾಂಶ ತನ್ನ ಸಂದೇಶಗಳನ್ನು ಜೇಸನ್‌ನಲ್ಲೇ ಕಳಿಸುತ್ತದೆ. 2017ರಲ್ಲಿ ಹಳೆಯ ಹ್ಯಾಬಿಟ್ಯಾಟ್ ನಿಯೋಹ್ಯಾಬಿಟ್ಯಾಟ್ ಎಂಬ ಹೆಸರಿನಲ್ಲಿ ಮರುಜೀವ ಪಡೆದದ್ದು ಎಲ್ಕೋ ಮೇಲೆಯೇ.

ರಚನೆ

ಜೇಸನ್‌ನಲ್ಲಿ ಕಟ್ಟುವ ರೂಪಗಳು ಎರಡೇ. ಹೆಸರು ಮತ್ತು ಮೌಲ್ಯದ ಜೋಡಿಗಳನ್ನು ಹೂಬ್ರಾಕೆಟ್‌ನಲ್ಲಿಟ್ಟರೆ ಆಬ್ಜೆಕ್ಟ್, ಮೌಲ್ಯಗಳನ್ನು ಸಾಲಾಗಿ ಚೌಕ ಬ್ರಾಕೆಟ್‌ನಲ್ಲಿಟ್ಟರೆ ಅರೇ. ಒಳಗಿಡಬಹುದಾದ ಬಿಡಿ ಮೌಲ್ಯಗಳೆಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯ (ಸ್ಟ್ರಿಂಗ್), ಸಂಖ್ಯೆ, ಹೌದು, ಇಲ್ಲ ಮತ್ತು ಶೂನ್ಯಮೌಲ್ಯವನ್ನು ಸೂಚಿಸುವ ಮೂರು ನಿಶ್ಚಿತ ಪದಗಳು. ಚಿತ್ರದುರ್ಗದ ಜೋಗಿಮಟ್ಟಿ ಅರಣ್ಯವನ್ನು ಆಟದ ಲೋಕವಾಗಿಸಲು ಹೊರಟವರು ಹೀಗೆ ಬರೆಯಬಹುದು:

{
  "ಸ್ಥಳ": "ಜೋಗಿಮಟ್ಟಿ",
  "ತಾಲ್ಲೂಕುಗಳು": ["ಚಿತ್ರದುರ್ಗ", "ಹಿರಿಯೂರು", "ಹೊಸದುರ್ಗ", "ಹೊಳಲ್ಕೆರೆ"],
  "ನಿರ್ದೇಶಾಂಕ": [76.4, 14.2],
  "ಪ್ರಾಣಿಗಳು": ["ಕರಡಿ", "ಚಿರತೆ", "ನವಿಲು"],
  "ಆವೃತ್ತಿ": 1
}

ಇದು ನಿಯಮದ ಪ್ರಕಾರ ಪೂರ್ಣ ಸರಿಯಾದ ಜೇಸನ್. ಹೆಸರುಗಳೂ ಕನ್ನಡದಲ್ಲಿರಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಕೊನೆಯ ಮೌಲ್ಯದ ಮುಂದೆ ಅಲ್ಪವಿರಾಮ ಉಳಿದರೆ ಇಡೀ ಫೈಲು ತಿರಸ್ಕೃತವಾಗುತ್ತದೆ. ಟಿಪ್ಪಣಿ ಬರೆಯಲು ಜಾಗವೇ ಇಲ್ಲ. ಕನ್ನಡ ಅಂಕಿಗಳು ಸಂಖ್ಯೆಯಾಗಿ ಸಲ್ಲುವುದಿಲ್ಲ: ೧೦ ಎಂದು ಬರೆದರೆ ಫೈಲನ್ನು ಓದಿ ಬಿಡಿಸುವ ಪ್ರೋಗ್ರಾಂ, ಅಂದರೆ ಪಾರ್ಸರ್, ನಿಲ್ಲುತ್ತದೆ, ಉದ್ಧರಣ ಚಿಹ್ನೆಯೊಳಗಿಟ್ಟರೆ ಅದು ಬರೀ ಪಠ್ಯ. ಆಟಗಾರರು ಕನ್ನಡ ಕೀಲಿಮಣೆಯಲ್ಲಿ ಒತ್ತಿದ ಅಂಕಿಯನ್ನು ಲುವಾ ಸಂಖ್ಯೆಯಾಗಿ ಗುರುತಿಸುವುದಿಲ್ಲ, ಪೈಥಾನ್ ಗುರುತಿಸುತ್ತದೆ. ಆದ್ದರಿಂದ ಅಂಕಿಗಳನ್ನು ಬದಲಿಸಿಕೊಳ್ಳುವ ಕೆಲಸವನ್ನು ಸ್ಕ್ರಿಪ್ಟ್ ತಾನೇ ಮಾಡಿಕೊಳ್ಳುವುದು ಒಳ್ಳೆಯದು.

ನಿರ್ದೇಶಾಂಕದ ಸಾಲಿನಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ ಇರುವುದನ್ನು ಗಮನಿಸಬೇಕು. ಭೂಪಟ ಮಾಹಿತಿಗಾಗಿ 2016ರಲ್ಲಿ ಆರ್‌ಎಫ್‌ಸಿ 7946 ಆಗಿ ಬಂದ ಜಿಯೋಜೇಸನ್ ಈ ಕ್ರಮವನ್ನು ಕಡ್ಡಾಯ ಮಾಡಿದೆ. ನಮ್ಮ ಬಾಯಲ್ಲಿ ಅಕ್ಷಾಂಶವೇ ಮೊದಲು ಬರುವುದು ರೂಢಿ. ರೂಢಿಯಂತೆ ಬರೆದುಬಿಟ್ಟರೆ ಜೋಗಿಮಟ್ಟಿಯ ಕರಡಿಗಳು ಉತ್ತರ ಧ್ರುವವೃತ್ತದಾಚೆ, ಸ್ವಾಲ್‌ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಫೈಲಿನಲ್ಲಿ ವ್ಯಾಕರಣದ ತಪ್ಪು ಒಂದೂ ಇರುವುದಿಲ್ಲವಾದ್ದರಿಂದ ಪಾರ್ಸರ್ ದೂರು ಹೇಳುವುದಿಲ್ಲ.

ಎಲ್ಲೆಲ್ಲಿ ಬಳಕೆ

ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್‌ನಲ್ಲಿ ಪ್ರವೇಶ ಇರುವವರ ಪಟ್ಟಿ, ನಿರ್ವಾಹಕರ ಪಟ್ಟಿ, ನಿಷೇಧಿತರ ಪಟ್ಟಿ ಮೂರೂ ಜೇಸನ್ ಫೈಲುಗಳು. 2018ರ 1.13 ಆವೃತ್ತಿಯಿಂದ ಡೇಟಾಪ್ಯಾಕ್ ಮೂಲಕ ವಸ್ತು ತಯಾರಿಕೆ, ಲೂಟಿ, ಸಾಧನೆಗಳ ನಿಯಮಗಳನ್ನು ಜೇಸನ್‌ನಲ್ಲೇ ಬರೆದು ಆಟವನ್ನು ಬದಲಿಸಬಹುದು. ರೋಬ್ಲಾಕ್ಸ್‌ನ ಲುವಾ ಪ್ರಭೇದವಾದ ಲುವಾವು, ಲುವಾದಲ್ಲಿ ಸ್ಕ್ರಿಪ್ಟ್ ಬರೆಯಬಹುದಾದ ಗ್ಯಾರೀಸ್ ಮಾಡ್, ಫೈವ್‌ಎಂ ಮೂರರಲ್ಲೂ ಲುವಾದ ಮಾಹಿತಿ ರೂಪವಾದ ಟೇಬಲ್ಲನ್ನು ಜೇಸನ್ ಮಾಡುವ, ಜೇಸನ್ನನ್ನು ಟೇಬಲ್ ಮಾಡುವ ಸಿದ್ಧ ಆದೇಶಗಳಿವೆ. ಹೆರೋಯಿಕ್ ಲ್ಯಾಬ್ಸ್‌ನ ನಕಾಮಾ ಸರ್ವರ್ ಆಟಗಾರರ ದಾಖಲೆಗಳನ್ನು ಜೇಸನ್ ಆಗಿಯೇ ಸಂಗ್ರಹಿಸುತ್ತದೆ. ಸ್ಯಾನ್ ಆಂಡ್ರಿಯಾಸ್ ಮಲ್ಟಿಪ್ಲೇಯರ್‌ನ ಮುಂದುವರಿಕೆಯಾದ ಓಪನ್ ಎಂಪಿ ಹಳೆಯ ಸಾದಾ ಸೆಟ್ಟಿಂಗ್ಸ್ ಫೈಲಿನ ಬದಲು ಜೇಸನ್ ಫೈಲನ್ನು ಓದುತ್ತದೆ. ಅಲ್ಲಿ ಬಳಸುವ ಪಾನ್ ಭಾಷೆಗೆ ಜೇಸನ್ ಸ್ವತಃ ಗೊತ್ತಿಲ್ಲ, ಪ್ಲಗಿನ್ ಬೇಕಾಗುತ್ತದೆ.

ಪ್ರತಿ ಕ್ಷಣವೂ ಓಡಾಡುವ ಸಂದೇಶಗಳಿಗೆ ಮಾತ್ರ ಜೇಸನ್ ತಕ್ಕದ್ದಲ್ಲ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಬಾರಿ ಲೋಕವನ್ನು ಮುನ್ನಡೆಸುತ್ತದೆ, ಅಂದರೆ ಪ್ರತಿ ಸುತ್ತಿಗೆ 50 ಮಿಲಿಸೆಕೆಂಡು. ಅಷ್ಟರಲ್ಲಿ ಪ್ರತಿ ಆಟಗಾರರ ಸ್ಥಾನವನ್ನೂ ಪಠ್ಯ ಮಾಡಿ, ಕಳಿಸಿ, ಮತ್ತೆ ಬಿಡಿಸುವುದು ದುಂದು. ಇಂಥ ಕಡೆ ಮೆಸೇಜ್‌ಪ್ಯಾಕ್, ಪ್ರೊಟೊಕಾಲ್ ಬಫರ್ಸ್, ಆಟಗಳಿಗೆಂದೇ ಗೂಗಲ್‌ನಲ್ಲಿ ರೂಪುಗೊಂಡ ಫ್ಲ್ಯಾಟ್‌ಬಫರ್ಸ್‌ನಂಥ ದ್ವಿಮಾನ ರೂಪಗಳೇ ಸರಿ.

ಪಾರ್ಸ್ ಮಾಡುವ ರೀತಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಿಟಿಎ ಆನ್‌ಲೈನ್ ಸಾಕ್ಷಿ. ಅದು ಸರ್ವರ್ ಸ್ಕ್ರಿಪ್ಟ್ ಅಲ್ಲ, ಆಟಗಾರರ ಕಡೆಯ ಪ್ರೋಗ್ರಾಂ. ಆದರೂ ಪಾಠ ಒಂದೇ. ಆಟ ತೆರೆಯಲು ಹಲವು ನಿಮಿಷ ಹಿಡಿಯುತ್ತಿದ್ದುದು ಏಕೆಂದು 2021ರಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ಕೆದಕಿ ನೋಡಿದರು. ಸುಮಾರು 10 ಮೆಗಾಬೈಟಿನ, 63 ಸಾವಿರ ಸಾಮಗ್ರಿಗಳ ಒಂದು ಜೇಸನ್ ಪಟ್ಟಿಯನ್ನು ಓದುವಾಗ, ಪ್ರತಿ ಮೌಲ್ಯಕ್ಕೂ ಪಠ್ಯ ಎಲ್ಲಿ ಮುಗಿಯುತ್ತದೆಂದು ಆಟ ಕೊನೆಯವರೆಗೆ ಅಳೆಯುತ್ತಿತ್ತು. ಜೊತೆಗೆ ಪ್ರತಿ ಸಾಮಗ್ರಿಯನ್ನೂ ಹಿಂದಿನ ಎಲ್ಲದರೊಂದಿಗೆ ಹೋಲಿಸುತ್ತಿತ್ತು. ಇವೆರಡನ್ನೂ ತಿದ್ದಿದಾಗ ಕಾಯುವ ಸಮಯ ಸುಮಾರು ಶೇ 70ರಷ್ಟು ಇಳಿಯಿತು. ಆಟವನ್ನು ತಯಾರಿಸಿದ ರಾಕ್‌ಸ್ಟಾರ್ ಕಂಪನಿ ಅದನ್ನು ಒಪ್ಪಿ, 10,000 ಡಾಲರ್ ಬಹುಮಾನ ಕೊಟ್ಟು, ಅದೇ ವರ್ಷದ ಮಾರ್ಚ್‌ನಲ್ಲಿ ಅದನ್ನು ಸರಿಪಡಿಸಿತು.

ಲುವಾದ ತೊಡಕುಗಳು

ಬ್ರೆಜಿಲ್‌ನ ರಿಯೋ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಲುವಾ ಆಟದ ಸ್ಕ್ರಿಪ್ಟ್‌ಗಳಲ್ಲಿ ಬಹುವಾಗಿ ಬಳಕೆಯಲ್ಲಿದೆ. ಅದರಲ್ಲಿ ಮಾಹಿತಿ ಕಟ್ಟಲು ಟೇಬಲ್ ಎಂಬ ಒಂದೇ ರೂಪ ಇದೆ, ಜೇಸನ್‌ನಲ್ಲಿ ಎರಡಿವೆ. ತೊಡಕು ಶುರುವಾಗುವುದು ಇಲ್ಲಿಂದಲೇ. ಖಾಲಿ ಟೇಬಲ್ಲನ್ನು ಜೇಸನ್ ಮಾಡಿದಾಗ ಅದು ಖಾಲಿ ಅರೇಯೋ ಖಾಲಿ ಆಬ್ಜೆಕ್ಟೋ? ಒಂದು ಲೈಬ್ರರಿ ಹಾಗೆ, ಇನ್ನೊಂದು ಹೀಗೆ ಬರೆಯುತ್ತದೆ. ಆಟಗಾರರ ಚೀಲ ಖಾಲಿಯಾದ ದಿನ ಮಾತ್ರ ಕಾಣಿಸಿಕೊಂಡು, ವಸ್ತು ಸೇರಿಸಿದೊಡನೆ ಮರೆಯಾಗುವ ದೋಷಗಳ ಹಿಂದೆ ಹಲವು ಬಾರಿ ಇದೇ ಇರುತ್ತದೆ. ಡಿಕೆಜೇಸನ್‌ನಂಥ ಲೈಬ್ರರಿಗಳಲ್ಲಿ ಟೇಬಲ್‌ಗೆ ಗುರುತು ಹಚ್ಚಿ ಬೇಕಾದ ರೂಪವನ್ನು ಹೇಳಬಹುದು.

ಲುವಾದ ಶೂನ್ಯಮೌಲ್ಯವಾದ ನಿಲ್ ಅನ್ನು ಟೇಬಲ್‌ನಲ್ಲಿ ಇಡಲಾಗುವುದಿಲ್ಲ, ಇಟ್ಟರೆ ಆ ಸಾಲೇ ಅಳಿಯುತ್ತದೆ. ಜೇಸನ್‌ನ ಶೂನ್ಯಮೌಲ್ಯಕ್ಕೆ ಆದ್ದರಿಂದ ಲೈಬ್ರರಿಗಳು ಬೇರೆಯೇ ಒಂದು ಗುರುತನ್ನು ಇಟ್ಟುಕೊಂಡಿವೆ. ಸೊನ್ನೆಯಿಂದ ಭಾಗಿಸಿದಾಗ ಲುವಾ ಅನಂತ ಎಂಬ ಮೌಲ್ಯ ಕೊಡುತ್ತದೆ. ಜೇಸನ್‌ನಲ್ಲಿ ಅದಕ್ಕೆ ಬರಹವೇ ಇಲ್ಲದ ಕಾರಣ ಉಳಿಸುವ ಹೊತ್ತಿಗೆ ಸ್ಕ್ರಿಪ್ಟ್ ಮುರಿಯಬಹುದು.

ಗುರುತಿನ ಸಂಖ್ಯೆಗಳದು ಇನ್ನೂ ದೊಡ್ಡ ಅಪಾಯ. ಜಾವಾಸ್ಕ್ರಿಪ್ಟ್ ಮತ್ತು ಹಳೆಯ ಲುವಾ ಸಾಮಾನ್ಯ ಸಂಖ್ಯೆಗಳನ್ನೆಲ್ಲ ದ್ವಿಮಾನ ತೇಲುಬಿಂದು (ಫ್ಲೋಟಿಂಗ್ ಪಾಯಿಂಟ್) ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತವೆ. 9,007,199,254,740,992ರ ಆಚೆಗೆ ಪ್ರತಿ ಪೂರ್ಣಾಂಕವನ್ನೂ ಬೇರೆಬೇರೆಯಾಗಿ ಹಿಡಿಯುವ ಶಕ್ತಿ ಅವಕ್ಕಿಲ್ಲ. ಸ್ಟೀಮ್ ತನ್ನ ಸದಸ್ಯರಿಗೆ ಕೊಡುವ 17 ಅಂಕಿಗಳ ಗುರುತು 76 ಸಾವಿರ ಲಕ್ಷ ಕೋಟಿಗೂ ಮೀರಿದ್ದು. ಆ ಎತ್ತರದಲ್ಲಿ ಎರಡು ಮೌಲ್ಯಗಳ ನಡುವಿನ ಕನಿಷ್ಠ ಅಂತರವೇ 16 ಆಗಿರುತ್ತದೆ. ಅಂದರೆ ಅಕ್ಕಪಕ್ಕದ ಗುರುತುಗಳ ಹಲವು ಸದಸ್ಯರು ಒಂದೇ ಸಂಖ್ಯೆಯಾಗಿ ಕೂಡಿಹೋಗಬಹುದು, ಒಬ್ಬರ ಸಂಪತ್ತು ಇನ್ನೊಬ್ಬರ ಹೆಸರಿಗೆ ಬೀಳಬಹುದು. ಗ್ಯಾರೀಸ್ ಮಾಡ್‌ನಲ್ಲಿ ಗುರುತನ್ನು ಪಠ್ಯವಾಗಿ ಬರೆದರೂ, ಅದು ಆಬ್ಜೆಕ್ಟಿನ ಹೆಸರಿನ ಜಾಗದಲ್ಲಿದ್ದರೆ ಮೂಲ ಸೆಟ್ಟಿಂಗ್‌ನಲ್ಲಿ ಓದುವಾಗ ಸಂಖ್ಯೆಯಾಗಿ ಮಾರ್ಪಡುತ್ತದೆ. ಗುರುತಿನ ಮುಂದೆ ಒಂದು ಅಕ್ಷರ ಸೇರಿಸಿ ಇಡುವುದು ಇದಕ್ಕೆ ಸರಳ ಪರಿಹಾರ.

ಕನ್ನಡ ಪಠ್ಯ

ಯೂನಿಕೋಡ್‌ನಲ್ಲಿ ಕನ್ನಡದ ಸಂಕೇತಗಳಿಗೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಜೇಸನ್ ಫೈಲು ಯುಟಿಎಫ್-8 ರೂಪದಲ್ಲೇ ಸಾಗಬೇಕೆಂದು ಆರ್‌ಎಫ್‌ಸಿ 8259 ಹೇಳುತ್ತದೆ. ಆ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಕೆಲವು ಭಾಷೆಗಳು ಇಂಗ್ಲಿಷೇತರ ಸಂಕೇತಗಳನ್ನೆಲ್ಲ ಹಿಮ್ಮುಖ ಗೆರೆಯೊಂದಿಗೆ ಆರು ಅಕ್ಷರಗಳ ಬರಹವಾಗಿ ಬಿಡಿಸಿಡುತ್ತವೆ. ಪೈಥಾನ್‌ನ ಮೂಲ ಸೆಟ್ಟಿಂಗ್ ಹೀಗಿದೆ. ಅರ್ಥ ಕೆಡುವುದಿಲ್ಲ, ಆದರೆ ಫೈಲು ಹಿಗ್ಗುತ್ತದೆ, ತೆರೆದು ನೋಡಿದರೆ ಓದಲಾಗುವುದಿಲ್ಲ. ಒಂದು ಸೆಟ್ಟಿಂಗ್ ಬದಲಿಸಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ, ಬದಲಿಸಲೇಬೇಕು.

"ಜೋಗಿಮಟ್ಟಿ" ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಕಣ್ಣಿಗೆ ನಾಲ್ಕು ಅಕ್ಷರ: ಜೋ, ಗಿ, ಮ, ಟ್ಟಿ. ಯೂನಿಕೋಡ್ ಸಂಕೇತಗಳು 9, ಬೈಟುಗಳು 27. ಲುವಾದಲ್ಲಿ ಪಠ್ಯದ ಉದ್ದ ಕೇಳಿದರೆ 27 ಎನ್ನುತ್ತದೆ. 5.3 ಆವೃತ್ತಿಯಲ್ಲಿ ಸೇರಿದ ಯುಟಿಎಫ್-8 ಲೈಬ್ರರಿಯನ್ನು ಕೇಳಿದರೆ 9. ಬರೆಯುವವರು ಒಂದೊಂದು ಅಕ್ಷರವೆಂದು ಕಾಣುವ ಗುಚ್ಛಗಳನ್ನು ಎಣಿಸುವ ಯೂನಿಕೋಡ್‌ನ ಸಾಮಾನ್ಯ ನಿಯಮ 5 ಎನ್ನುತ್ತದೆ, ಏಕೆಂದರೆ ಒತ್ತಕ್ಷರವನ್ನು ಅದು ಟ್ ಮತ್ತು ಟಿ ಎಂದು ಎರಡಾಗಿ ನೋಡುತ್ತದೆ. 2023ರ 15.1 ಆವೃತ್ತಿಯಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಲಿಪಿಗಳ ಒತ್ತಕ್ಷರವನ್ನು ಒಡೆಯದಿರುವ ನಿಯಮ ಬಂತು. ಆ ಪಟ್ಟಿಯಲ್ಲಿ ಕನ್ನಡ ಸೇರಲಿಲ್ಲ. ಕನ್ನಡದ ತಂತ್ರಜ್ಞರು ಗಟ್ಟಿಯಾಗಿ ಕೇಳಬೇಕಾದ ವಿಷಯವಿದು.

ಎಣಿಕೆಯ ಈ ವ್ಯತ್ಯಾಸ ಬರೀ ಸಿದ್ಧಾಂತವಲ್ಲ. ಆಟಗಾರರ ಹೆಸರು 20 ಮೀರಬಾರದೆಂದು ಸ್ಕ್ರಿಪ್ಟ್ ಬೈಟು ಲೆಕ್ಕದಲ್ಲಿ ಕತ್ತರಿಸಿದರೆ ಜೋಗಿಮಟ ಎಂಬಲ್ಲಿಗೆ 18 ಬೈಟು ಮುಗಿದು, ಮುಂದಿನ ಹಲಂತ ಚಿಹ್ನೆಯ ಮೂರರಲ್ಲಿ ಎರಡು ಬೈಟು ಮಾತ್ರ ತುಂಡಾಗಿ ಉಳಿಯುತ್ತವೆ. ಆ ತುಂಡು ಸರಿಯಾದ ಯುಟಿಎಫ್-8 ಅಲ್ಲ. ರೋಬ್ಲಾಕ್ಸ್‌ನ ಸಂಗ್ರಹ ವ್ಯವಸ್ಥೆಯಾದ ಡೇಟಾಸ್ಟೋರ್ ಅಂಥ ಪಠ್ಯವನ್ನು ಉಳಿಸಲು ಒಪ್ಪುವುದಿಲ್ಲ. ಆಟಗಾರರಿಗೆ ಕಾಣುವುದು ಇಷ್ಟೇ: ಹೆಸರು ಕನ್ನಡದಲ್ಲಿ ಇಟ್ಟವರ ಪ್ರಗತಿ ಉಳಿಯುತ್ತಿಲ್ಲ. ಕತ್ತರಿಸುವುದಿದ್ದರೆ ಸಂಕೇತಗಳ ಗಡಿಯಲ್ಲಿ, ಆದಷ್ಟೂ ಅಕ್ಷರದ ಗಡಿಯಲ್ಲಿ ಕತ್ತರಿಸಬೇಕು. ಹೆಸರಿನ ಮಿತಿಯನ್ನೂ ಇಂಗ್ಲಿಷ್ ಹೆಸರುಗಳ ಅಳತೆಯಲ್ಲಿ ಇಡಬಾರದು.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದೇ ಹೆಸರಿನ ಎರಡು ಬರಹ. ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಉದ್ದನೆಯ ಚಿಹ್ನೆ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಜೋ ಎಂದೇ ಕಾಣುತ್ತವೆ. ಆದರೆ ಮೊದಲನೆಯ ಜೋಗಿಮಟ್ಟಿ 27 ಬೈಟು, ಎರಡನೆಯದು 33. ಜೇಸನ್ ಹೆಸರುಗಳನ್ನು ಹೋಲಿಸುವುದು ಸಂಕೇತ ಸಂಕೇತವಾಗಿ, ಆದ್ದರಿಂದ ಅದರ ದೃಷ್ಟಿಯಲ್ಲಿ ಇವು ಬೇರೆಬೇರೆ ಊರುಗಳು. ಪದದ ನಡುವೆ ಒತ್ತಕ್ಷರ ಕೂಡದಂತೆ ತಡೆಯಲು ಹಾಕುವ ಕಣ್ಣಿಗೆ ಕಾಣದ ಸಂಕೇತವೂ ಹೀಗೇ ತೊಂದರೆ ಕೊಡುತ್ತದೆ. ಎರಡು ಬರಹಗಳ ತೊಡಕು ತಪ್ಪಿಸಲು ಫೈಲಿಗೆ ಸೇರಿಸುವ ಮೊದಲೇ ಎಲ್ಲ ಪಠ್ಯವನ್ನೂ ಯೂನಿಕೋಡ್‌ನ ಕೂಡಿದ ರೂಪಕ್ಕೆ ಏಕರೂಪಗೊಳಿಸಬೇಕು. ಜಾವಾಸ್ಕ್ರಿಪ್ಟ್ ಮತ್ತು ರೋಬ್ಲಾಕ್ಸ್‌ನ ಲುವಾವುಗಳಲ್ಲಿ ಅದಕ್ಕೆ ಸಿದ್ಧ ಆದೇಶವಿದೆ, ಮೂಲ ಲುವಾದಲ್ಲಿ ಇಲ್ಲ. ಇಂಥ ಕಾರಣಕ್ಕೇ ಆಬ್ಜೆಕ್ಟಿನ ಹೆಸರುಗಳನ್ನು ಬದಲಾಗದ ಸಣ್ಣ ಗುರುತುಗಳಾಗಿಟ್ಟು, ಆಟಗಾರರ ಕಣ್ಣಿಗೆ ಬೀಳುವ ಕನ್ನಡವನ್ನು ಮೌಲ್ಯದ ಜಾಗದಲ್ಲಿಡುವುದು ಹೆಚ್ಚು ಕ್ಷೇಮ. ಮೇಲಿನ ಉದಾಹರಣೆ ಓದಲು ಚೆಂದ, ದೊಡ್ಡ ಸರ್ವರ್‌ಗೆ ಆ ರೀತಿ ಬೇಡ.

ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟ್ ಆಧಾರಿತ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಜೇಸನ್‌ಗೆ ಹಾಕಿದರೆ ಪಾರ್ಸರ್ ಒಪ್ಪಿಕೊಳ್ಳುತ್ತದೆ, ಆದರೆ ಆಟದಲ್ಲಿ ಲ್ಯಾಟಿನ್ ಅಕ್ಷರಗಳ ಗೋಜಲು ಕಾಣುತ್ತದೆ. ಪಠ್ಯ ಸರಿಯಾಗಿ ಬಂದ ಮೇಲೂ ಒತ್ತಕ್ಷರಗಳನ್ನು ಕೂಡಿಸಿ ತೋರಿಸುವುದು ಆಟದ ಎಂಜಿನ್ನಿನ ಕೆಲಸ. 2023ರಲ್ಲಿ ಬಂದ ಗೋಡೋ 4 ಹಾರ್ಫ್‌ಬಜ್ ಲೈಬ್ರರಿಯ ನೆರವಿನಿಂದ ಇದನ್ನು ಮಾಡುತ್ತದೆ.

ಉಳಿಸುವುದು, ಕಾಯುವುದು

ಜೇಸನ್ ಫೈಲು ಅರ್ಧ ಬರೆದಾಗ ಕರೆಂಟು ಹೋದರೆ ಬರೆದ ಅರ್ಧವೂ ಓದಲು ಬಾರದು. ಮುಚ್ಚುವ ಬ್ರಾಕೆಟ್ ಇಲ್ಲದ ಆಬ್ಜೆಕ್ಟ್ ಆಬ್ಜೆಕ್ಟೇ ಅಲ್ಲ. ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹಳೆಯ ಫೈಲಿನ ಹೆಸರನ್ನು ಅದಕ್ಕೆ ಕೊಡುವುದು ಬಲ್ಲವರ ರೂಢಿ. ಆವೃತ್ತಿಯ ಸಂಖ್ಯೆಯೊಂದನ್ನು ಒಳಗೇ ಇಟ್ಟರೆ, ಮುಂದೆ ರಚನೆ ಬದಲಾದಾಗ ಹಳೆಯ ದಾಖಲೆಗಳನ್ನು ಗುರುತಿಸಿ ಮೇಲ್ದರ್ಜೆಗೆ ಏರಿಸಬಹುದು. ಸಂಗ್ರಹಕ್ಕೂ ಮಿತಿ ಇರುತ್ತದೆ: ರೋಬ್ಲಾಕ್ಸ್ ಡೇಟಾಸ್ಟೋರ್‌ನ ಒಂದು ದಾಖಲೆ 41,94,304 ಬೈಟು ಮೀರುವಂತಿಲ್ಲ.

ಆಟಗಾರರ ಕಂಪ್ಯೂಟರ್‌ನಿಂದ ಬಂದ ಯಾವ ಜೇಸನ್ನನ್ನೂ ನಂಬುವಂತಿಲ್ಲ. ಪಾರ್ಸ್ ಆಯಿತೆಂದರೆ ವ್ಯಾಕರಣ ಸರಿಯಿದೆ ಎಂದಷ್ಟೇ ಅರ್ಥ. ನಾಣ್ಯದ ಜಾಗದಲ್ಲಿ ಋಣಸಂಖ್ಯೆ ಇದೆಯೇ, ಪಠ್ಯ ಇರಬೇಕಾದಲ್ಲಿ ಅರೇ ಇದೆಯೇ, ಒಂದರೊಳಗೊಂದು ಸಾವಿರಾರು ಬ್ರಾಕೆಟ್ ತೆರೆದು ಸರ್ವರ್ ಬೀಳಿಸುವ ಹುನ್ನಾರವಿದೆಯೇ ಎಂದು ಸ್ಕ್ರಿಪ್ಟ್ ನೋಡಲೇಬೇಕು. ಒಂದೇ ಹೆಸರು ಎರಡು ಬಾರಿ ಬಂದರೆ ಏನು ಮಾಡಬೇಕೆಂದು ನಿಯಮ ಖಚಿತವಾಗಿ ಹೇಳುವುದಿಲ್ಲ. ಪರಿಶೀಲಿಸುವ ಪ್ರೋಗ್ರಾಂ ಮೊದಲನೆಯದನ್ನೂ ಬಳಸುವ ಪ್ರೋಗ್ರಾಂ ಎರಡನೆಯದನ್ನೂ ಓದಿದರೆ ಮೋಸಕ್ಕೆ ದಾರಿಯಾಗುತ್ತದೆ. ಬಂದ ಪಠ್ಯವನ್ನು ಕೋಡ್ ಎಂದು ನೇರ ಓಡಿಸುವ ಹಳೆಯ ಅಡ್ಡದಾರಿಯಂತೂ ಸರ್ವರ್‌ನ ಕೀಲಿಕೈಯನ್ನೇ ಕೊಟ್ಟಂತೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಆಟದ ಸರ್ವರ್‌ಗಳಲ್ಲಿ ಮಕ್ಕಳೂ ಇರುವುದರಿಂದ, ಆಟಕ್ಕೆ ಬೇಡದ ಮಾಹಿತಿಯನ್ನು ಫೈಲಿಗೆ ಸೇರಿಸದಿರುವುದೇ ಲೇಸು.

ಕರ್ನಾಟಕದಲ್ಲಿ

ಬೆಂಗಳೂರು ಭಾರತದ ಆಟ ತಯಾರಿಕೆಯ ಮೊದಲ ನೆಲೆಗಳಲ್ಲೊಂದು. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಧ್ರುವ ಇಂಟರ್‌ಆಕ್ಟಿವ್ ಆರಂಭಿಸಿದರು. 2019ರಲ್ಲಿ ಅದು ರಾಕ್‌ಸ್ಟಾರ್‌ನ ಕೈಸೇರಿ ಆ ಕಂಪನಿಯ ಭಾರತದ ಸ್ಟುಡಿಯೋ ಜೊತೆ ಕೂಡಿತು. ಆಟ ತಯಾರಿಸುವ ಜಿಂಗಾ ಕಂಪನಿ 2010ರಲ್ಲಿ ನಗರಕ್ಕೆ ಬಂತು. ಅನಿಮೇಷನ್, ಆಟಗಳ ಉದ್ಯಮಕ್ಕಾಗಿ ರಾಜ್ಯ ಸರ್ಕಾರ 2012ರಲ್ಲೇ ನೀತಿ ಪ್ರಕಟಿಸಿತು, ಈಗಿನದು 2024ರಿಂದ 2029ರವರೆಗಿನದು. ಉದ್ಯಮ ಇಲ್ಲಿದ್ದರೂ ಆಟಗಳಲ್ಲಿ ಕನ್ನಡ ಕಾಣುವುದು ಅಪರೂಪ.

ಕನ್ನಡ ನಿಜವಾಗಿ ಬಳಕೆಯಲ್ಲಿರುವ ದೊಡ್ಡ ನಿದರ್ಶನ ಮತ್ತೆ ಮೈನ್‌ಕ್ರಾಫ್ಟ್. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಕ್ರೌಡಿನ್ ಎಂಬ ತಾಣದಲ್ಲಿ ಸ್ವಯಂಸೇವಕರು ಮಾಡಿದ ಅನುವಾದ 1.13 ಆವೃತ್ತಿಯಿಂದ ಒಂದು ಜೇಸನ್ ಫೈಲಾಗಿ ಆಟದೊಳಗೆ ಕುಳಿತಿದೆ. ಪ್ರತಿ ಸಾಲಿನಲ್ಲೂ ಎಡಕ್ಕೆ ಬದಲಾಗದ ಗುರುತು, ಬಲಕ್ಕೆ ಕನ್ನಡ. ಸರ್ವರ್‌ನ ಸ್ಕ್ರಿಪ್ಟ್ ವಾಕ್ಯವನ್ನು ಕಳಿಸದೆ ಗುರುತನ್ನಷ್ಟೇ ಕಳಿಸಿದರೆ ಸಾಕು. ಕನ್ನಡ ಆರಿಸಿಕೊಂಡವರಿಗೆ ಅದು ಕನ್ನಡದಲ್ಲಿ, ಪಕ್ಕದಲ್ಲಿ ಆಡುತ್ತಿರುವ ತಮಿಳರಿಗೆ ತಮಿಳಿನಲ್ಲಿ ಕಾಣುತ್ತದೆ. 2025ರ 1.21.5 ಆವೃತ್ತಿಯಲ್ಲಿ ಆದೇಶಗಳೊಳಗಿನ ಪಠ್ಯದ ರೂಪ ಜೇಸನ್‌ನಿಂದ ಬೇರೆಯದಕ್ಕೆ ಬದಲಾಗಿದೆ, ಭಾಷಾ ಫೈಲುಗಳು ಜೇಸನ್ ಆಗಿಯೇ ಉಳಿದಿವೆ.

ಈ ಪದ್ಧತಿ ಇಂಗ್ಲಿಷಿನ ಅಳತೆಗೆ ಹೊಲಿದದ್ದು. ವಾಕ್ಯದಲ್ಲಿ ಒಂದು ತೆರಪು ಬಿಟ್ಟು ಊರಿನ ಹೆಸರನ್ನು ಅಲ್ಲಿ ತುಂಬಿದರೆ ಇಂಗ್ಲಿಷಿನಲ್ಲಿ ಕೆಲಸ ಮುಗಿಯಿತು. ಕನ್ನಡದಲ್ಲಿ ವಿಭಕ್ತಿ ಹೆಸರಿಗೇ ಅಂಟಿಕೊಳ್ಳುತ್ತದೆ, ಅಂಟುವಾಗ ಹೆಸರನ್ನೂ ಬದಲಿಸುತ್ತದೆ. ತೆರಪಿನ ಮುಂದೆ "ಗೆ" ಎಂದು ಬರೆದಿಟ್ಟರೆ ಹೊಳಲ್ಕೆರೆಗೆ ಸರಿಹೋಗುತ್ತದೆ. ಹಿರಿಯೂರು ಹಿರಿಯೂರಿಗೆ ಆಗಬೇಕು, ಚಿತ್ರದುರ್ಗ ಚಿತ್ರದುರ್ಗಕ್ಕೆ, ಹೊಸದುರ್ಗ ಹೊಸದುರ್ಗಕ್ಕೆ. ಜೋಗಿಮಟ್ಟಿಯ ನಾಲ್ಕು ತಾಲ್ಲೂಕುಗಳಲ್ಲೇ ಮೂರು ಬಗೆ. ಅನುವಾದಕರು ಸಾಮಾನ್ಯವಾಗಿ "ಚಿತ್ರದುರ್ಗ ಎಂಬಲ್ಲಿಗೆ" ಎಂದು ಸುತ್ತು ಹಾಕಿ ತಪ್ಪಿಸಿಕೊಳ್ಳುತ್ತಾರೆ, ಓದುವವರಿಗೆ ಅದು ಸರ್ಕಾರಿ ಅರ್ಜಿಯಂತೆ ಕೇಳುತ್ತದೆ. ಜೇಸನ್‌ನಲ್ಲೇ ಇದಕ್ಕೆ ಸರಳ ದಾರಿಯಿದೆ. ಹೆಸರನ್ನು ಬರೀ ಪಠ್ಯವಾಗಿ ಇಡುವ ಬದಲು ರೂಪಗಳ ಆಬ್ಜೆಕ್ಟ್ ಆಗಿ ಇಡುವುದು:

{
  "ಹೆಸರು": "ಚಿತ್ರದುರ್ಗ",
  "ಗೆ": "ಚಿತ್ರದುರ್ಗಕ್ಕೆ",
  "ಇಂದ": "ಚಿತ್ರದುರ್ಗದಿಂದ",
  "ಅಲ್ಲಿ": "ಚಿತ್ರದುರ್ಗದಲ್ಲಿ"
}

ಸ್ಕ್ರಿಪ್ಟ್ ವಾಕ್ಯಕ್ಕೆ ತಕ್ಕ ರೂಪವನ್ನು ಹೆಕ್ಕಿಕೊಳ್ಳುತ್ತದೆ. ಊರಿನ ಹೆಸರುಗಳು, ಆಯುಧಗಳು, ಪ್ರಾಣಿಗಳು ಮುಂಚಿತವಾಗಿ ಗೊತ್ತಿರುವ ಆಟಗಳಲ್ಲಿ ಈ ರೂಪಗಳನ್ನು ಒಮ್ಮೆ ಕೈಯಾರೆ ಬರೆದಿಟ್ಟರೆ ಸಾಕು. ಆಟಗಾರರು ತಾವೇ ಇಟ್ಟುಕೊಂಡ ಹೆಸರುಗಳಿಗೆ ಮಾತ್ರ ವಿಭಕ್ತಿ ಹಚ್ಚುವ ನಿಯಮಗಳನ್ನು ಸ್ಕ್ರಿಪ್ಟ್‌ನಲ್ಲೇ ಬರೆಯಬೇಕಾಗುತ್ತದೆ, ಅಕಾರಾಂತ, ಉಕಾರಾಂತ, ವ್ಯಂಜನಾಂತ ಹೆಸರುಗಳಿಗೆ ಬೇರೆಬೇರೆಯಾಗಿ.